ಅಲಾಸ್ಕಾ ಕಾಕಾ

ಧಾರವಾಡ ಜಿಲ್ಲೆಯ ಯಾವ ಹಳ್ಳಿಗೆ ಹೋದರೂ ಒಬ್ಬ ಮಿಲ್ಟ್ರಿ ಕಾಕಾ ಸಿಗುತ್ತಾನೆ. ಗುರುತು ಹಿಡಿಯುವುದು ಸುಲಭ. ಊರ ಮಂದಿ ಓಣಿಯ ತಿರುವಿನಲ್ಲಿ ಸುಮ್ಮನೆ ಹೊರಳಿದರೆ ಆತ ಒಂದು ಕ್ಷಣ ನಿಂತು ‘ಬಾಯೇ ಮುಡ್’ ಆಗುತ್ತಾನೆ. ಮೀಸೆಗೆ ದಿನಾ ಮುಂಜಾನೆ ರೋಲ್ ಕಾಲ್. ಬೈಕಿನ ಮುಂದೆ ಕೆಂಪು ಅಕ್ಷರದಲ್ಲಿ ‘ಆರ್ಮಿ’. ಮದುವೆ ಮನೆಯಲ್ಲಿ ಪಂಕ್ತಿ ಕೂಡಿಸುವುದು, ಜಾತ್ರೆಯಲ್ಲಿ ತೇರಿನ ಹಗ್ಗ ಹಿಡಿದವರ ಸಾಲು ನೆಟ್ಟಗೆ ಮಾಡುವುದು, ಬಸ್ಸಿಗೆ ಮುಗಿಬಿದ್ದವರನ್ನು ಫಾಲ್ ಇನ್ ಮಾಡಿಸುವುದು, ಇವೆಲ್ಲ ಯಾರೂ ಕೊಡದೆ ಆತ ವಹಿಸಿಕೊಂಡ ಡ್ಯೂಟಿಗಳು. ಹಬ್ಬ ಹತ್ತಿರ ಬಂದರೆ ಆತನಿಗೆ ಬೀಗರು ಹೆಚ್ಚಾಗುತ್ತಾರೆ. ಕ್ಯಾಂಟೀನ್ ಕೋಟಾ ಎಂಬುದು ರಕ್ತಸಂಬಂಧಕ್ಕಿಂತ ಗಟ್ಟಿ.

ಹುಬ್ಬಳ್ಳಿಯಿಂದ ಯಲ್ಲಾಪುರದ ಕಡೆ ಹೊರಟು, ಕಲಘಟಗಿ ದಾಟಿದ ಮೇಲೆ ಸಿಗುವ ದೇವಿಕೊಪ್ಪದ ಮಿಲ್ಟ್ರಿ ಕಾಕಾ ಮಾತ್ರ ಈ ಪೈಕಿ ಎಲ್ಲರಿಗಿಂತ ಒಂದು ಕೈ ಮೇಲು. ಉಳಿದ ಊರಿನ ಕಾಕಾಗಳು ಮೀಸೆ ತಿರುವಿ ‘ಕಾರ್ಗಿಲ್’ ಎನ್ನುತ್ತಾರೆ. ಈತ ‘ಅಲಾಸ್ಕಾ’ ಎನ್ನುತ್ತಾನೆ. ಎದುರಿನವ ಅಲ್ಲಿಗೇ ತಣ್ಣಗಾಗುತ್ತಾನೆ.

ಸುಳ್ಳಲ್ಲ, ಹೋಗಿದ್ದು ಖರೆ. ಭಾರತ ಮತ್ತು ಅಮೆರಿಕದ ಸೇನೆಗಳು 2004ರಿಂದ ‘ಯುದ್ಧ ಅಭ್ಯಾಸ’ ಎಂಬ ಜಂಟಿ ತಾಲೀಮು ನಡೆಸುತ್ತ ಬಂದಿವೆ; ಒಮ್ಮೆ ನಮ್ಮಲ್ಲಿ, ಒಮ್ಮೆ ಅವರಲ್ಲಿ. 2021ರ ಅಕ್ಟೋಬರ್ 15ರಿಂದ 29ರವರೆಗೆ ಅದು ಅಲಾಸ್ಕಾದಲ್ಲಿ ನಡೆಯಿತು. ಮದ್ರಾಸ್ ರೆಜಿಮೆಂಟಿನ ಒಂದು ಬಟಾಲಿಯನ್ ಹೋಯಿತು. ನಮ್ಮವರು 350 ಮಂದಿ, ಅವರ ಕಡೆಯವರು 300 ಮಂದಿ. ಆ 350ರಲ್ಲಿ ನಮ್ಮ ಕಾಕಾನೂ ಒಬ್ಬ. ತಾಲೀಮು ನಡೆದ ನೆಲೆಯ ಹೆಸರು ಜಾಯಿಂಟ್ ಬೇಸ್ ಎಲ್ಮೆಂಡಾರ್ಫ್-ರಿಚರ್ಡ್ಸನ್. ಕಾಕಾ ಇದನ್ನು ಒಂದೇ ಉಸಿರಿಗೆ ತಡವರಿಸದೆ ಹೇಳುತ್ತಾನೆ. ನಂಬದ ಹುಡುಗರು ಮೂರು ಸಲ ಹೇಳಿಸಿ ನೋಡಿದ್ದಾರೆ.

“ಅಂವಾ ಅಮೆರಿಕದ ಸಾರ್ಜೆಂಟ್ ನಿಮ್ಮೂರು ಯಾವ್ದು ಅಂತ ಕೇಳಿದ. ಕಲಘಟಗಿ ತಾಲೂಕು ಅಂದೆ. ಅನ್ನಾಕ ಹೋಗಿ ಕೆಮ್ಮಿದ ನೋಡು ಮಗ! ನೀರ ಕೊಡಬೇಕಾತು.”

ಕಥೆ ಪ್ರತಿದಿನ ಸಂಜೆ ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಶುರುವಾಗುತ್ತದೆ. ಮಿರ್ಚಿ ಎಣ್ಣೆಗೆ ಬಿದ್ದ ಹೊತ್ತಿಗೆ ಕಾಕಾ ವಿಮಾನ ಹತ್ತಿರುತ್ತಾನೆ. ತಾಲೀಮಿಗೆ ಕಟ್ಟಿದ ಸನ್ನಿವೇಶ ಇದು: ವಿಶ್ವಸಂಸ್ಥೆಯ ಹೆಸರಿನಲ್ಲಿ ಶಾಂತಿ ಕಾಯುವ ಪಡೆ, ಅಡಗಿ ಕುಳಿತ ಉಗ್ರರು, ಅವರನ್ನು ಸುತ್ತುವರಿದು ಹುಡುಕುವ ಕಾರ್ಡನ್ ಅಂಡ್ ಸರ್ಚ್. ಕಾಕಾ ಬೆಂಚಿನ ಹಿಂದೆ ಬಗ್ಗುತ್ತಾನೆ, ಕಂಬಕ್ಕೆ ಬೆನ್ನು ಹಚ್ಚಿ ಸರಿಯುತ್ತಾನೆ, ಚಹಾದ ಸೋಸಣಿಗೆಯನ್ನು ಗ್ರೆನೇಡಿನಂತೆ ಹಿಡಿಯುತ್ತಾನೆ. ಕೇಳುವವರು ಬಾಯಿ ಬಿಟ್ಟುಕೊಂಡು ಕೂತಿರುತ್ತಾರೆ. ಕೊನೆಗೆ ಯಾರಾದರೂ ಆ ಪ್ರಶ್ನೆ ಕೇಳಿಯೇ ಕೇಳುತ್ತಾರೆ.

“ಆಮ್ಯಾಲೆ ಯಾರು ಗೆದ್ರಿ ಕಾಕಾ?”

ಇಲ್ಲಿ ಕಾಕಾನ ಮೀಸೆ ಒಂದು ಇಂಚು ಇಳಿಯುತ್ತದೆ. “ಅಭ್ಯಾಸದಾಗ ಗೆಲ್ಲೂದು ಸೋಲೂದು ಇರಂಗಿಲ್ಲೋ ತಮ್ಮಾ. ಉಗ್ರರಾದಾವ್ರೂ ನಮ್ಮ ಪೈಕಿನ. ಗುಂಡೂ ಬ್ಲ್ಯಾಂಕ್ ಇರ್ತಾವು.”

ಇದನ್ನು ದೇವಿಕೊಪ್ಪ ಇವತ್ತಿಗೂ ಒಪ್ಪಿಲ್ಲ. ಕಟ್ಟೆಯ ಮೇಲಿನ ಹಿರಿಯರೊಬ್ಬರು ಎಲೆಗೆ ಸುಣ್ಣ ಹಚ್ಚುತ್ತ ಹೇಳಿದ್ದು ಊರ ತೀರ್ಪೇ ಆಗಿಹೋಗಿದೆ: “ಹದಿನೈದು ದಿನ ಗುಂಡ ಹೊಡ್ದೀರಿ. ಯಾರೂ ಸಾಯಲಿಲ್ಲ, ಯಾರೂ ಗೆಲ್ಲಲಿಲ್ಲ, ಕಡೀಕ ಎಲ್ಲಾರೂ ಕೂಡಿ ಊಟಾ ಮಾಡಿದ್ರಿ. ಇದು ನಮ್ಮ ಪಂಚಾಯ್ತಿ ಮೀಟಿಂಗ್ ಇದ್ದಂಗ ಆತಲ್ಲೋ!”

ಕಾಕಾನಿಗೆ ಉಳಿದಿರುವ ಅಸ್ತ್ರ ಕಬಡ್ಡಿ. ಅಲಾಸ್ಕಾದಲ್ಲಿ ಎರಡೂ ಕಡೆಯ ಸೈನಿಕರು ಕಬಡ್ಡಿ, ಹಗ್ಗ ಜಗ್ಗಾಟ, ವಾಲಿಬಾಲ್ ಮತ್ತು ಅಮೆರಿಕನ್ ಫುಟ್‌ಬಾಲ್ ಆಡಿದ್ದು ಆಗ ಪತ್ರಿಕೆಗಳಲ್ಲೂ ಬಂದಿತ್ತು. “ಆರೂವರಿ ಅಡಿ ಆಳು. ಹಿಡದ್ರ ಬಿಡವಲ್ಲ. ಆದ್ರ ಉಸಿರ ಹಿಡಿಯಾಕ ಬರವಲ್ದು. ‘ಕಬಡ್ಡಿ’ ಅಂತ ಎರಡ ಸಲ ಅಂದು ಮೂರನೇದಕ್ಕ ನಗತಿದ್ದ.” ಹುಡುಗರ ಕಣ್ಣುಗಳು ಅರಳುತ್ತವೆ. “ಹಂಗಾರ ಕಬಡ್ಡಿಯೊಳಗ ನಾವ ಗೆದ್ವಿ?” ಕಾಕಾ ಮತ್ತೆ ಚಹಾದ ಲೋಟ ನೋಡುತ್ತಾನೆ. ಅಲ್ಲಿ ತಂಡಗಳನ್ನೂ ಬೆರಸಿಬಿಟ್ಟಿದ್ದರು. ಒಂದೊಂದರಲ್ಲೂ ಅರ್ಧ ನಮ್ಮವರು, ಅರ್ಧ ಅವರು.

ಅಲಾಸ್ಕಾದ ಚಳಿಯ ಲೆಕ್ಕವೂ ಸ್ವಲ್ಪ ಎಡವಟ್ಟಿನದು. ಆ ನೆಲೆ ಇರುವ ಆಂಕರೇಜ್ ಊರಿನ ಅಕ್ಟೋಬರ್ ಚಳಿ ನೀರು ಹೆಪ್ಪುಗಟ್ಟುವ ಆಸುಪಾಸಿನದು. ಪೆನ್ಶನ್ ಬಂದ ಹೊಸತರಲ್ಲಿ ಕಾಕಾ ಮೈನಸ್ ಐದು ಎನ್ನುತ್ತಿದ್ದ. ಮುಂದಿನ ದೀಪಾವಳಿಗೆ ಮೈನಸ್ ಹದಿನೈದು ಆಯಿತು. ಈಗ ಮೈನಸ್ ನಲವತ್ತಕ್ಕೆ ಬಂದು ನಿಂತಿದೆ. ಕಾಕಾಗೆ ವಯಸ್ಸಾದಷ್ಟೂ ಅಲಾಸ್ಕಾದಲ್ಲಿ ಚಳಿ ಏರುವ ಲಕ್ಷಣಗಳಿವೆ.

ಮನೆಯಲ್ಲಿ ಈ ಕಥೆಗೆ ಬೆಲೆ ಕಡಿಮೆ. ಅಲ್ಲಿಗೂ ಇಲ್ಲಿಗೂ ಹದಿಮೂರೂವರೆ ತಾಸಿನ ಅಂತರ. ಆತ ರಾತ್ರಿ ಊಟ ಮುಗಿಸಿ ಪ್ರೀತಿಯಿಂದ ಫೋನ್ ಹಚ್ಚಿದರೆ ಇಲ್ಲಿ ಮಟಮಟ ಮಧ್ಯಾಹ್ನ, ಹೆಂಡತಿ ಕಾಕು ಹೊಲದಲ್ಲಿ ಕಸ ತೆಗೆಯುತ್ತಿರುತ್ತಿದ್ದಳು. ಅಮೆರಿಕದ ಸಿಪಾಯಿಗಳ ಸಿದ್ಧ ಊಟದ ಕಂದು ಬಣ್ಣದ ಪಾಕೀಟೊಂದನ್ನು ಕಾಕಾ ಜತನದಿಂದ ಊರಿಗೆ ತಂದಿದ್ದ. ಒಳಗಿನ ಚೀಲಕ್ಕೆ ಒಂದಿಷ್ಟು ನೀರು ಹಾಕಿದರೆ ಸಾಕು, ಒಲೆಯಿಲ್ಲದೆ ಊಟ ಬಿಸಿಯಾಗುತ್ತದೆ ಎಂದು ಓಣಿಗೆಲ್ಲ ವಿವರಿಸಿದ. ಕಾಕು ಪೂರ್ತಿ ಕೇಳಿಸಿಕೊಂಡು, “ಚಲೋ ಆತ್ರಿ. ನಾಳಿಂದ ನಾನೂ ರೊಟ್ಟಿ ಬಡಿಯೂದು ಬಿಟ್ಟು ನೀರಷ್ಟ ಹಾಕಿ ಕೊಡ್ತೇನಿ” ಎಂದಳು. ಪಾಕೀಟು ಈಗಲೂ ಇದೆ. ಅದರೊಳಗೆ ಕರೆಂಟ್ ಬಿಲ್ಲು, ರೇಷನ್ ಕಾರ್ಡು ಇಟ್ಟು ಗೂಟಕ್ಕೆ ನೇತುಹಾಕಿದ್ದಾರೆ. ಮಳೆಗಾಲದಲ್ಲಿ ಒಂದು ಹನಿ ನೀರು ಒಳಗೆ ಹೋಗಿಲ್ಲ.

ಕಲಿತ ವಿದ್ಯೆ ಸುಮ್ಮನೆ ಕೂರಲು ಬಿಡುವುದಿಲ್ಲ. ದೇವಿಕೊಪ್ಪಕ್ಕೆ ಕಾಡು ಹತ್ತಿರ. ಗೋವಿನಜೋಳ ತೆನೆ ಕಟ್ಟಿದ ಕೂಡಲೇ ಹಂದಿಗಳು ಕುಟುಂಬ ಸಮೇತ ಬರುತ್ತವೆ. ಒಂದು ಗಣೇಶ ಚವತಿಯ ಸುಮಾರಿಗೆ ಕಾಕಾ ಊರಿನ ಹುಡುಗರನ್ನು ಕೂಡಿಸಿ ಎಲ್ಮೆಂಡಾರ್ಫ್ ಮಾದರಿಯ ಕಾರ್ಡನ್ ಹಾಕಿದ. ಕೈಯಲ್ಲಿ ಬ್ಯಾಟರಿ, ತಗಡಿನ ಡಬ್ಬಿ, ಪಟಾಕಿ. ಮೂರು ದಿಕ್ಕಿಗೆ ಸ್ಟಾಪ್ ಪಾರ್ಟಿ, ನಡುವೆ ಸರ್ಚ್ ಪಾರ್ಟಿ. ನಾಲ್ಕನೆಯ ದಿಕ್ಕಿಗೆ ಮಂದಿ ಸಾಲಲಿಲ್ಲ. ನಡುರಾತ್ರಿ ಕಾಕಾ ಎದ್ದು ನಿಂತು ತನ್ನ ರೆಜಿಮೆಂಟಿನ ‘ವೀರ ಮದ್ರಾಸಿ, ಅಡಿ ಕೊಲ್ಲು, ಅಡಿ ಕೊಲ್ಲು’ ಘೋಷ ಕೂಗಿದ. ಹಂದಿಗಳು ಹೆದರಿದ್ದು ನಿಜ. ಅವು ಶಿಸ್ತಾಗಿ ನಾಲ್ಕನೆಯ ದಿಕ್ಕಿಗೆ ಹೋದವು. ನಾಲ್ಕನೆಯ ದಿಕ್ಕಿನಲ್ಲಿ ಕಾಕಾನ ಹೊಲವಿತ್ತು.

ಮರುದಿನ ಡಿಬ್ರೀಫಿಂಗ್. ಗುಡಿಯ ಮುಂದೆ ಮಣ್ಣು ಹರವಿ ಹೊಲ, ಹಳ್ಳ, ಬದುಗಳ ಸ್ಯಾಂಡ್ ಮಾಡೆಲ್ ಮಾಡಿದ. ಹುಡುಗರ ಬದಲು ಬೆಂಕಿಕಡ್ಡಿ, ಹಂದಿಗಳ ಬದಲು ಗೋವಿನಜೋಳದ ಕಾಳು. ತಪ್ಪು ಎಲ್ಲಾಯಿತೆಂದು ಕಾಕಾ ಕೋಲಿನಿಂದ ತೋರಿಸುತ್ತಿರುವಾಗಲೇ ಓಣಿಯ ಕೋಳಿಯೊಂದು ನುಗ್ಗಿ ವೈರಿಪಡೆಯನ್ನು ಒಂದು ಕಾಳೂ ಬಿಡದೆ ನಿರ್ನಾಮ ಮಾಡಿತು. ಅವತ್ತು ಯಾರು ಗೆದ್ದರೆಂದು ಯಾರೂ ಕೇಳಬೇಕಾಗಲಿಲ್ಲ.

2022ಕ್ಕಿಂತ ಮೊದಲು ಭರ್ತಿಯಾದ ಸಿಪಾಯಿ ಸಾಮಾನ್ಯವಾಗಿ 17 ವರ್ಷ ನೌಕರಿ ಮುಗಿಸಿ ಪೆನ್ಶನ್ ಬಂದ ಮೇಲೂ ಎರಡು ವರ್ಷ ರಿಜರ್ವ್ ಪಟ್ಟಿಯಲ್ಲಿರುತ್ತಾನೆ. ದೇಶಕ್ಕೆ ತುರ್ತು ಬಂದರೆ ಕರೆದಾಗ ಹೋಗಬೇಕು. 2005ರಲ್ಲಿ ಭರ್ತಿಯಾದ ಕಾಕಾನ ರಿಜರ್ವ್ ಅವಧಿ 2024ಕ್ಕೇ ತೀರಿದೆ. ಕಾಗದದ ಮೇಲೆ ಮಾತ್ರ. 2025ರ ಮೇ ತಿಂಗಳಲ್ಲಿ ಆಪರೇಷನ್ ಸಿಂಧೂರ ನಡೆದಾಗ, ಟೆರಿಟೋರಿಯಲ್ ಆರ್ಮಿಯ 32 ಪದಾತಿ ಬಟಾಲಿಯನ್‌ಗಳ ಪೈಕಿ 14ನ್ನು ಕರೆಯಲು ಸೇನಾ ಮುಖ್ಯಸ್ಥರಿಗೆ ಅಧಿಕಾರ ಕೊಟ್ಟ ಸುದ್ದಿ ಟಿವಿಯಲ್ಲಿ ಬಂತು. ಕಾಕಾ ಟೆರಿಟೋರಿಯಲ್ ಆರ್ಮಿಯಲ್ಲಿ ಎಂದೂ ಇದ್ದವನಲ್ಲ. ಆದರೂ ಅಟ್ಟದಿಂದ ಕಪ್ಪು ಟ್ರಂಕು ಇಳಿಯಿತು. ಬೂಟಿಗೆ ಪಾಲಿಶ್ ಬಿತ್ತು. ಪ್ಯಾಂಟಿನ ಹುಕ್ಕಿಗೂ ಕಾಜಕ್ಕೂ ನಡುವೆ ಮಾತ್ರ ನಾಲ್ಕು ಬೆರಳಿನ ನಿಯಂತ್ರಣ ರೇಖೆ ಉಳಿಯಿತು.

“ಕರದ್ರ ಹೋಗ್ರಿ, ನಾ ಬ್ಯಾಡನ್ನಂಗಿಲ್ಲ,” ಎಂದಳು ಕಾಕು, “ಹೋಗೂಕಿಂತ ಮದ್ಲ ಸೊಸಾಯ್ಟಿಯಿಂದ ಬೀಜಾ ಗೊಬ್ಬರಾ ತಂದ ಹಾಕಿ ಹೋಗ್ರಿ.” ಮೇ 10ರ ಸಂಜೆ ಕದನ ವಿರಾಮ ಆಯಿತು. ಕಾಕಾ ಗೊಬ್ಬರ ತರಲು ಹೋದ.

ಅದೇ ವರ್ಷದ ಆಗಸ್ಟಿನಲ್ಲಿ ಅಮೆರಿಕ ನಮ್ಮ ಹಲವು ಸರಕುಗಳ ಮೇಲೆ ಶೇಕಡಾ 50 ಸುಂಕ ಹೇರಿತು. ಹತ್ತಿ ಬೆಳೆಯುವವರೆಲ್ಲ ಚಹಾದಂಗಡಿಯಲ್ಲಿ ಕಾಕಾನನ್ನೇ ತರಾಟೆಗೆ ತೆಗೆದುಕೊಂಡರು: “ನಿನ್ನ ದೋಸ್ತರು ಏನ್ ಮಾಡಾಕತ್ತಾರ ನೋಡೋ!” ಮರುವಾರವೇ, ಸೆಪ್ಟೆಂಬರ್ 1ಕ್ಕೆ, ಮದ್ರಾಸ್ ರೆಜಿಮೆಂಟಿನ ತುಕಡಿಯೊಂದು ಮತ್ತೆ ಅಲಾಸ್ಕಾದಲ್ಲಿ, ಈ ಸಲ ಫೋರ್ಟ್ ವೇನ್‌ರೈಟ್‌ನಲ್ಲಿ, ಅಭ್ಯಾಸಕ್ಕೆ ಇಳಿಯಿತು. ಕಾಕಾ ಪೇಪರ್ ಮಡಚಿ ಜೇಬಿಗೆ ಇಟ್ಟುಕೊಂಡ. “ಸುಂಕದ ಜಗಳಾ ಸಾಹುಕಾರ್ರದ್ದು. ನಮ್ಮದು ಕಬಡ್ಡಿ.”

ಇಷ್ಟೆಲ್ಲ ಮಾತಾಡುವವ ಕಾಶ್ಮೀರದ ಕುಪ್ವಾರಾ ಗಡಿಯಲ್ಲಿ ಕಳೆದ ಚಳಿಗಾಲಗಳ ಬಗ್ಗೆ ಮಾತಾಡುವುದಿಲ್ಲ. ಅಲ್ಲಿ ಗುಂಡು ಬ್ಲ್ಯಾಂಕ್ ಇರಲಿಲ್ಲ. ಒಬ್ಬ ಹುಡುಗ ಒಮ್ಮೆ ಕೆದಕಿದ. “ಅಲ್ಲೂ ಥಂಡಿ ಇತ್ತು” ಎಂದಷ್ಟೇ ಹೇಳಿ ಕಾಕಾ ಎಲ್ಲರಿಗೂ ಚಹಾ ಹೇಳಿದ.

ಊರಿಗೆ ಆತನಿಂದ ಆಗುವ ಉಪಕಾರ ಮುಂಜಾನೆ ಐದಕ್ಕೆ ನೋಡಬೇಕು. ಸೀಟಿ ಹಾಕುತ್ತ ಹುಡುಗರನ್ನು ಓಡಿಸುತ್ತಾನೆ. ಸೇನಾ ಭರ್ತಿಯಲ್ಲಿ 1.6 ಕಿಲೋಮೀಟರನ್ನು 5 ನಿಮಿಷ 30 ಸೆಕೆಂಡಿನೊಳಗೆ ಮುಗಿಸಿದರೆ ಪೂರ್ತಿ ಅಂಕ, ಆಮೇಲೆ ಹತ್ತು ಪುಲ್ ಅಪ್. ಒಂದು ರೂಪಾಯಿ ಫೀಸು ತೆಗೆದುಕೊಳ್ಳುವುದಿಲ್ಲ, ಬೈಗುಳವೂ ಪುಕ್ಕಟೆ. 2022ರಲ್ಲಿ ಬಂದ ಅಗ್ನಿಪಥ ಭರ್ತಿ ಯೋಜನೆಯಲ್ಲಿ ನಾಲ್ಕೇ ವರ್ಷದ ನೌಕರಿ, ಮುಂದುವರಿಯುವವರು ಹೆಚ್ಚೆಂದರೆ ಶೇಕಡಾ 25. ಉಳಿದವರಿಗೆ ಪೆನ್ಶನ್ ಇಲ್ಲ ಎಂದು ಊರಿಗೆ ಚಿಂತೆ. ಕಾಕಾನ ಚಿಂತೆ ಬೇರೆ: “ನಾಲ್ಕು ವರ್ಷದಾಗ ಈ ಹುಡುಗ್ರಿಗೆ ಅಲಾಸ್ಕಾ ಹೆಂಗ ಸಿಗತೈತಿ?”

ನೀವು ಆ ದಾರಿಯಲ್ಲಿ ಹೋಗುವವರಿದ್ದರೆ ದೇವಿಕೊಪ್ಪದಲ್ಲಿ ಇಳಿದು ಚಹಾ ಕುಡಿಯಿರಿ, ಮಿರ್ಚಿ ತಿನ್ನಿರಿ. ಬೆಂಚಿನ ಮೇಲೆ ನೆಟ್ಟಗೆ ಕೂತ ಮೀಸೆಯವರು ಕಂಡರೆ ನಮಸ್ಕಾರ ಹೇಳಿ. ಆದರೆ “ಬಾಳ ಥಂಡಿ ಐತಲ್ರಿ” ಎಂದು ಮಾತ್ರ ಬಾಯಿ ತಪ್ಪಿಯೂ ಅನ್ನಬೇಡಿ. ಹುಬ್ಬಳ್ಳಿಯ ಕೊನೆಯ ಬಸ್ಸು ಖಂಡಿತ ತಪ್ಪುತ್ತದೆ.