ಘಾಟಿಲ್ಲದ ರಸ್ತೆಯ ಪರವಾಗಿ

ಕನ್ನಡದಲ್ಲಿ ಒಂದು ರಸ್ತೆಯನ್ನು ಹೊಗಳಬೇಕಾದರೆ ಮೊದಲು ಅದನ್ನು ಬಳುಕಿಸಬೇಕು. ನೆಟ್ಟಗೆ ಹೋಗುವ, ಮಂಜು ಮುಸುಕದ, ಎಡಕ್ಕೊಂದು ಪ್ರಪಾತವನ್ನೂ ಬಲಕ್ಕೊಂದು ಜಲಪಾತವನ್ನೂ ಇಟ್ಟುಕೊಳ್ಳದ ರಸ್ತೆಗೆ ನಮ್ಮ ಪ್ರವಾಸ ಬರಹದಲ್ಲಿ ಜಾಗವೇ ಇಲ್ಲ. ಈ ಲೆಕ್ಕದಲ್ಲಿ ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳು ಪರೀಕ್ಷೆಗೆ ಕೂರುವ ಮೊದಲೇ ಫೇಲು. ಆದರೆ ‘ಮಲೆಯ ಪ್ರಶಾಂತ ರಸ್ತೆ ಬೇಕು’ ಎನ್ನುವವರಿಗೆ ಬೇಕಾದದ್ದು ಮಲೆಯೋ ಪ್ರಶಾಂತಿಯೋ ಎಂಬುದು ಮೊದಲು ತೀರ್ಮಾನವಾಗಲಿ. ಎರಡೂ ಒಟ್ಟಿಗೆ ಸಿಗುತ್ತಿದ್ದ ಕಾಲ ಹೋಯಿತು. 2006ರಲ್ಲಿ ‘ಮುಂಗಾರು ಮಳೆ’ ಬಂದು ಜೋಗದ ನೆತ್ತಿಯಲ್ಲಿ ನೆನೆಯುವುದನ್ನು ತೋರಿಸಿಕೊಟ್ಟ ಮೇಲೆ ಪ್ರೇಮವಿದ್ದವರೂ ಇಲ್ಲದವರೂ ಅಲ್ಲಿಗೆ ಹೋಗಿ ನೆನೆದರು. ಮುಳ್ಳಯ್ಯನಗಿರಿಗೆ ವಾಹನದಲ್ಲಿ ಹೋಗುವವರು ಮುಂಚಿತವಾಗಿ ಆನ್‌ಲೈನಿನಲ್ಲಿ ಹೆಸರು ಬರೆಸಬೇಕೆಂಬ ನಿಯಮ 2025ರಲ್ಲಿ ಬಂತು. ಏಕಾಂತಕ್ಕೂ ಸರದಿ ಹಚ್ಚಬೇಕಾದ ಮೇಲೆ ಅದು ಏಕಾಂತವೋ ರೇಷನ್ನೋ? 2019ರ ಆಗಸ್ಟಿನಲ್ಲಂತೂ ಚಾರ್ಮಾಡಿ ಘಾಟಿ ತಾನೇ ಕುಸಿದು ಸಂಚಾರ ನಿಲ್ಲಿಸಿತು. ಇದನ್ನೆಲ್ಲ ನೋಡಿದರೆ ನನಗೆ ತೋರುವುದಿಷ್ಟು: ನಿಜವಾಗಿ ಶಾಂತವಾದ ರಸ್ತೆ ಬೇಕಾದವರು ನೋಡಲು ಏನೂ ಇಲ್ಲವೆಂದು ಹೆಸರಾದ ಕಡೆಗೇ ಹೋಗಬೇಕು. ಆ ಹೆಸರು ಈ ಮೂರು ತಾಲ್ಲೂಕುಗಳಿಗಿದ್ದಷ್ಟು ಗಟ್ಟಿಯಾಗಿ ಬೇರೆಲ್ಲೂ ಇಲ್ಲ.

ಬೆಟ್ಟವಿಲ್ಲ ಎಂಬ ದೂರು ಕೂಡ ಪೂರ್ತಿ ನಿಜವಲ್ಲ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನ್ನಿನಲ್ಲಿ ಪದರಪದರವಾಗಿ ಹರಡಿದ ಲಾವಾ ಒಂದೇ. ಅದು ಪಶ್ಚಿಮದ ಅಂಚಿನಲ್ಲಿ ಕಡಿದಾಗಿ ನಿಂತು ಮಹಾಬಳೇಶ್ವರವಾಯಿತು, ಆಳಂದದ ಕಡೆ ನೆತ್ತಿ ಸಪಾಟಾದ ದಿಬ್ಬಗಳಾಗಿ ಮಲಗಿತು. ನಿಂತ ಕಲ್ಲಿಗೆ ಟಿಕೆಟ್ಟು, ಮಲಗಿದ ಕಲ್ಲಿಗೆ ತಾತ್ಸಾರ! ಇನ್ನು ಜಲಪಾತದ ಮಾತು. ಭೀಮಾ ನದಿ ಹುಟ್ಟುವುದು ಸಹ್ಯಾದ್ರಿಯ ನೆತ್ತಿಯ ಭೀಮಾಶಂಕರದಲ್ಲಿ. ಅಲ್ಲಿಂದ ಇಳಿದು, ಸೊಲ್ಲಾಪುರ ಜಿಲ್ಲೆಯ ಉಜನಿ ಅಣೆಕಟ್ಟಿನಲ್ಲಿ ಒಂದಿಷ್ಟು ಕೂತು, ಅಫಜಲಪುರಕ್ಕೆ ಬಂದು, ಸೊನ್ನ ಬ್ಯಾರೇಜ್ ದಾಟಿ, ಜೇವರ್ಗಿಯ ಕಟ್ಟಿಸಂಗಾವಿ ಸೇತುವೆಯಡಿ ನುಸುಳುವ ಹೊತ್ತಿಗೆ ಆ ನೀರು ಬಿದ್ದ ಒಟ್ಟು ಎತ್ತರ ಜೋಗದ 253 ಮೀಟರಿನ ದುಪ್ಪಟ್ಟಿಗೆ ಕಡಿಮೆಯಿಲ್ಲ. ಜೋಗದಲ್ಲಿ ಶರಾವತಿ ಒಂದೇ ಏಟಿಗೆ ಬೀಳುತ್ತಾಳೆ, ಭೀಮೆ ನೂರಾರು ಕಿಲೋಮೀಟರ್ ಉದ್ದಕ್ಕೂ ಕಂತಿನಲ್ಲಿ ಬೀಳುತ್ತಾಳೆ, ಅಷ್ಟೇ ವ್ಯತ್ಯಾಸ. ಘಾಟಿನ ಮಳೆಯೇ ನದಿಯಾಗಿ ಮನೆ ಬಾಗಿಲಿಗೆ ಬರುವಾಗ ಘಾಟು ಹತ್ತುವ ಹಟವೇಕೆ? (ಬರುವುದು ಯಾವಾಗಲೂ ಸೌಜನ್ಯದಿಂದಲ್ಲ. 2020ರ ಅಕ್ಟೋಬರಿನ ಪ್ರವಾಹ ಈ ದಂಡೆಯ ಹಳ್ಳಿಗಳನ್ನು ಹೇಗೆ ನುಂಗಿತೆಂಬುದು ಇಲ್ಲಿನವರಿಗೆ ತಮಾಷೆಯ ವಿಷಯವಲ್ಲ.) ಆಳಂದದ ಕಡೆಯಿಂದ ಬರುವ ಅಮರ್ಜಾ ಗಾಣಗಾಪುರದಲ್ಲಿ ಭೀಮೆಯನ್ನು ಕೂಡುತ್ತದೆ. ದತ್ತನ ಭಕ್ತರು ಆ ಸಂಗಮದಲ್ಲಿ ಮುಳುಗಿ ಏಳುತ್ತಾರೆ, ಸೆಲ್ಫಿ ಕಡ್ಡಿ ಹಿಡಿದವರು ಮಾತ್ರ ಇನ್ನೂ ಅಷ್ಟಾಗಿ ಬಂದಿಲ್ಲ.

ಕಾಲುದಾರಿಯ ವಿಷಯದಲ್ಲಿ ನಾನು ರಾಜಿಗೆ ತಯಾರಿಲ್ಲ. ಎರಿ ಹೊಲಗಳ ನಡುವಿನ ಚಕ್ಕಡಿ ಜಾಡಿಗೆ ಸರಿಗಟ್ಟುವ ದಾರಿ ಮಲೆನಾಡಿನಲ್ಲಿಲ್ಲ. ಘಾಟಿಯಲ್ಲಿ ಕಣ್ಣು ಮುಂದಿನ ತಿರುವಿನವರೆಗೆ ಮಾತ್ರ ಸ್ವತಂತ್ರ. ಇಲ್ಲಿ ಎದುರಿನ ಬಸ್ಸಿಗಿಂತ ಬಹಳ ಮೊದಲೇ ಅದರ ಧೂಳು ಕಾಣುತ್ತದೆ. ಬರುತ್ತಿರುವುದು ಬಸ್ಸೋ ಟ್ರ್ಯಾಕ್ಟರೋ ಎಂದು ಇಬ್ಬರು ವಾದ ಹೂಡಿ, ಜಗಳವಾಡಿ, ರಾಜಿಯಾಗಿ ಮುಗಿಸಿದರೂ ವಾಹನ ಇನ್ನೂ ದೂರದಲ್ಲೇ ಇರುತ್ತದೆ. ದೀಪಾವಳಿಯ ಆಸುಪಾಸಿನಲ್ಲಿ ತೊಗರಿ ಹೂಬಿಟ್ಟಾಗ ಕಣ್ಣು ಹಾಯುವಷ್ಟೂ ಹಳದಿ. ಆ ಬೆಳೆಯ ಬೇಳೆಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು, ಆ ಹಳದಿಗೆ ಮಾತ್ರ ಯಾರೂ ವ್ಯೂ ಪಾಯಿಂಟ್ ಕಟ್ಟಲಿಲ್ಲ. ಮಳೆಯಲ್ಲಿ ಬಂದವರಿಗೆ ಚಾರಣವೂ ಉಂಟು: ಎರಿ ಮಣ್ಣು ಚಪ್ಪಲಿಗೆ ಅಂಟುತ್ತ ಅಂಟುತ್ತ ಹೆಜ್ಜೆಗೊಂದು ಅಂಗುಲ ಮನುಷ್ಯನನ್ನು ಮೇಲೆತ್ತುತ್ತದೆ, ಗುಡ್ಡವಿಲ್ಲದೆ ಎತ್ತರ ಗಳಿಸುವ ವಿದ್ಯೆ ಇದೊಂದೇ. ಇಂಥ ದಾರಿಗಳ ಸೀಮೆಯಲ್ಲೇ, ಆಗ ಜೇವರ್ಗಿಗೆ ಸೇರಿ ಈಗ ಯಡ್ರಾಮಿ ತಾಲ್ಲೂಕಿನಲ್ಲಿರುವ ಕಡಕೋಳದಲ್ಲಿ, ಮಡಿವಾಳಪ್ಪನ ತತ್ವಪದಗಳು ಹುಟ್ಟಿದವು. ಮಂಜೂ ಜಲಪಾತವೂ ಇಲ್ಲದೆ ಅಷ್ಟು ದೊಡ್ಡ ಪದಗಳು ಹುಟ್ಟಿದವಾದರೆ, ಕಾವ್ಯಸ್ಫೂರ್ತಿಗೆ ಹೋಂಸ್ಟೇ ಕಡ್ಡಾಯವೆಂಬ ಇಂದಿನ ನಂಬಿಕೆಯನ್ನು ಸ್ವಲ್ಪ ಪರಿಶೀಲಿಸಬೇಕಾಗುತ್ತದೆ.

ಆಕ್ಷೇಪಗಳಿಲ್ಲವೆಂದಲ್ಲ. ಬಿಸಿಲು ಅನ್ನುತ್ತೀರಿ. ಮೇ ತಿಂಗಳಲ್ಲಿ 40 ಡಿಗ್ರಿ ಮೀರುವ ಬಿಸಿಲಿಗೆ ನನ್ನಲ್ಲಿ ಉತ್ತರವಿಲ್ಲ. ಆದರೆ ಆಗುಂಬೆಯ ಜುಲೈ ಮಳೆಗೆ ಕೊಡೆ ಹಿಡಿದು ಹೋಗುವವರು ಇಲ್ಲಿಗೆ ಡಿಸೆಂಬರಿನಲ್ಲಿ ಬರಬಾರದೆಂದು ಯಾವ ಕಾಯ್ದೆಯಿದೆ? ಇದೇ ಜಿಲ್ಲೆಯ ಚಿಂಚೋಳಿಯಲ್ಲಿ ಕಾಡಿದೆ, ಗುಡ್ಡವಿದೆ, ಎತ್ತಿಪೋತ ಜಲಪಾತವೂ ಇದೆಯಲ್ಲ ಎನ್ನುವವರಿಗೆ ನನ್ನ ಉತ್ತರ: ಸಂತೋಷ, ಜಲಪಾತವೇ ಬೇಕಾದವರು ಅತ್ತ ಹೋಗಲಿ, ಇತ್ತಣ ಶಾಂತಿ ಇನ್ನಷ್ಟು ಉಳಿಯುತ್ತದೆ. ಹೀಗೆ ಬರೆದು ನೀನೇ ಜನ ಸೇರಿಸುತ್ತಿದ್ದೀಯಲ್ಲ ಎಂಬ ಆರೋಪಕ್ಕೆ ಹೆದರಿಕೆಯಿಲ್ಲ. ಲಲಿತ ಪ್ರಬಂಧ ಓದಿ ಗಾಡಿ ಹತ್ತಿದವರನ್ನು ಕನ್ನಡ ಸಾಹಿತ್ಯ ಚರಿತ್ರೆ ಇನ್ನೂ ದಾಖಲಿಸಿಲ್ಲ. ಆದರೆ ಒಂದು ಆಕ್ಷೇಪವನ್ನು ನಗುತ್ತ ದಾಟಲಾಗದು. ಈ ರಸ್ತೆಗಳ ಮೌನದಲ್ಲಿ ಒಂದು ಪಾಲು ನಿಸರ್ಗದ್ದಲ್ಲ. ಮುಂಬೈ, ಪುಣೆ, ಹೈದರಾಬಾದು, ಬೆಂಗಳೂರಿಗೆ ದುಡಿಯಲು ಹೋದವರು ಬಿಟ್ಟುಹೋದ ಮೌನ ಅದು. ಅದನ್ನು ಪ್ರಶಾಂತಿ ಎಂದು ಕರೆಯುವುದು ಪ್ರವಾಸಿಯ ಸೊಕ್ಕು. ಹಾಗಾಗಿ ನನ್ನ ವಾದಕ್ಕೆ ಒಂದು ತಿದ್ದುಪಡಿ: ರಸ್ತೆ ಪೂರ್ತಿ ಶಾಂತವಾಗಿರುವ ದಿನವಲ್ಲ, ಹೊಲಗಳು ಜನರಿಂದ ತುಂಬುವ ದಿನವೇ ಇದನ್ನು ನೋಡಬೇಕು.

ಆ ದಿನ ಎಳ್ಳ ಅಮಾವಾಸ್ಯೆ, ಡಿಸೆಂಬರಿನಲ್ಲಿ ಇಲ್ಲವೇ ಜನವರಿಯಲ್ಲಿ ಬರುತ್ತದೆ. ಮನೆಮಂದಿಯೆಲ್ಲ ಸಜ್ಜಿ ರೊಟ್ಟಿ, ಭಜ್ಜಿ, ಅಂಬಲಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಬೆಳೆಗೆ ಚರಗ ಚೆಲ್ಲಿ, ಅಲ್ಲೇ ಕೂತು ಉಣ್ಣುತ್ತಾರೆ. ದಾರಿಹೋಕರನ್ನು ಕರೆದು ಕೂರಿಸಿ ಬಡಿಸುವುದು ಇಲ್ಲಿನ ವಾಡಿಕೆ. ಬನ್ನಿ, ಹೊಟ್ಟೆ ಖಾಲಿ ಇಟ್ಟುಕೊಂಡೇ ಬನ್ನಿ. ಜಲಪಾತ ಎಲ್ಲಿದೆ ಅಂತ ಮಾತ್ರ ಯಾರನ್ನೂ ಕೇಳಬೇಡಿ. ಊಟ ಮುಗಿಯುವ ಮೊದಲೇ ಚಿಂಚೋಳಿ ಬಸ್ಸು ಹತ್ತಿಸಿಬಿಟ್ಟಾರು.