ದಶಪಥರಾಯರ ಸನ್ನಿಧಾನಕ್ಕೆ, ಸರ್ವಿಸ್ ರಸ್ತೆಯಿಂದ

ಬೆಂಗಳೂರು–ಮೈಸೂರು ರಾಷ್ಟ್ರೀಯ ಹೆದ್ದಾರಿ 275, ಉರುಫ್ ದಶಪಥರಾಯರಿಗೆ ಸಾಷ್ಟಾಂಗ ನಮಸ್ಕಾರಗಳು. ಉಭಯ ಕುಶಲೋಪರಿ ಸಾಂಪ್ರತ ಎಂದು ಶುರು ಮಾಡುವುದು ಪತ್ರದ ರೂಢಿ. ಆದರೆ ಈ ‘ಉಭಯ’ದಲ್ಲಿ ಯಾರು ಯಾರು ಸೇರುತ್ತಾರೆ ಎಂಬುದೇ ನಮ್ಮ ನಿಮ್ಮ ನಡುವಿನ ತಕರಾರಾದ್ದರಿಂದ ಆ ಮಾತನ್ನು ಸದ್ಯಕ್ಕೆ ಬದಿಗಿಡುತ್ತೇನೆ. ಪತ್ರಿಕೆಗಳು ನಿಮಗಿಟ್ಟ ‘ದಶಪಥ’ ಎಂಬ ಹೆಸರು ಕೇಳಿದಾಗಲೆಲ್ಲ ಅಯೋಧ್ಯೆಯ ದಶರಥ ಮಹಾರಾಜ ನೆನಪಾಗುತ್ತಾನೆ. ಅವನಿಗೂ ಹೆಸರಿನಲ್ಲೇ ಹತ್ತು ಇತ್ತು. ಕೊಟ್ಟ ಮಾತು ಉಳಿಸಿಕೊಳ್ಳಲು ಹೋಗಿ ಆತ ಪ್ರಾಣ ಬಿಟ್ಟ, ಅವನ ನಾಲ್ಕು ಮಕ್ಕಳಲ್ಲಿ ಇಬ್ಬರು ಕಾಡಿಗೆ ಹೋದರು. ನಿಮ್ಮ ಮನೆಯಲ್ಲಿ ಕಾಡುಪಾಲಾಗಿರುವುದು ನಾಲ್ಕಕ್ಕೆ ನಾಲ್ಕೂ ಸರ್ವಿಸ್ ಪಥ. ಮಾತಿಗಾಗಿ ಪ್ರಾಣ ಬಿಟ್ಟವರು ಯಾರೂ ಇಲ್ಲ, ರಸ್ತೆ ದಾಟಲು ಹೋಗಿ ಬಿಟ್ಟವರಿದ್ದಾರೆ.

ಲೆಕ್ಕಕ್ಕೆ ಬರೋಣ. ನೀವು ಸುಮಾರು 118 ಕಿಲೋಮೀಟರ್ ಉದ್ದ, ಸುಮಾರು 8,480 ಕೋಟಿ ರೂಪಾಯಿ ವೆಚ್ಚ. ನಡುವೆ ಆರು ಪಥ, ಅವುಗಳ ಎಡಕ್ಕೆರಡು, ಬಲಕ್ಕೆರಡು ಸರ್ವಿಸ್ ಪಥ, ಒಟ್ಟು ಹತ್ತು. 2023ರ ಮಾರ್ಚ್ 12ರಂದು ಮಂಡ್ಯ ಜಿಲ್ಲೆಯ ಗೆಜ್ಜಲಗೆರೆಯಲ್ಲಿ ಪ್ರಧಾನಿ ನಿಮ್ಮನ್ನು ಲೋಕಾರ್ಪಣೆ ಮಾಡಿದಾಗ ಎಣಿಸಿದ್ದು ಹತ್ತನ್ನೂ. ಎರಡೇ ದಿನ ಕಳೆದು, ಮಾರ್ಚ್ 14ರಂದು, ಬಿಡದಿ ಬಳಿ ಟೋಲ್ ಗೇಟು ತೆರೆದಾಗ ಕೈಯಲ್ಲಿದ್ದದ್ದು ಆರು. ಸರ್ವಿಸ್ ರಸ್ತೆ ಪೂರ್ತಿಯಾಗದೆ ಟೋಲ್ ಏಕೆ ಎಂದು ಅಂದೇ ಅಲ್ಲಿ ಪ್ರತಿಭಟನೆಯೂ ನಡೆಯಿತು. ಪೂರ್ತಿಯಾದ ಮೇಲೂ ಅದು ಕೆಲವೆಡೆ ಸೇತುವೆಯೋ ರೈಲು ಹಳಿಯೋ ಎದುರಾದರೆ ಸಾಕು, ಹೆದರಿದ ಹಸುವಿನ ಹಾಗೆ ನಿಂತುಬಿಡುತ್ತದೆ. ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೆ ಗತಿಯಿಲ್ಲ ಎಂಬ ಗಾದೆಯನ್ನು ಹಿರಿಯರು ನಿಮ್ಮ ನೀಲನಕ್ಷೆ ನೋಡಿ ಕಟ್ಟಿರಲಾರರು, ಆದರೂ ಸರಿಯಾಗಿಯೇ ಒಪ್ಪುತ್ತದೆ. ನನ್ನ ವಾದ ಇಷ್ಟೇ ರಾಯರೇ: ಹೊಗಳಿಕೆಗೆ ಹತ್ತು ಪಥ ಎಂದು ಎಣಿಸಿದವರು ಹೊಣೆ ಹೊರುವಾಗಲೂ ಹತ್ತನ್ನೇ ಎಣಿಸಬೇಕು. ಹಾದುಹೋಗುವವರ ಆರಕ್ಕೆ ಸಿಕ್ಕ ಶ್ರದ್ಧೆಯಲ್ಲಿ ಕಾಲು ಭಾಗವಾದರೂ ಅಲ್ಲೇ ಬದುಕುವವರ ನಾಲ್ಕಕ್ಕೆ ಸಿಕ್ಕಿದ್ದರೆ ಈ ಪತ್ರದ ಅಗತ್ಯವೇ ಬೀಳುತ್ತಿರಲಿಲ್ಲ.

ಈ ನಿರ್ಲಕ್ಷ್ಯಕ್ಕೆ ಸಾಕ್ಷಿಯನ್ನು ಒದಗಿಸಿದ್ದು ನಿಮ್ಮ ಹೆದ್ದಾರಿ ಪ್ರಾಧಿಕಾರವೇ. ಉದ್ಘಾಟನೆಯಾಗಿ ವಾರ ಕಳೆಯುವುದರೊಳಗೆ ಒಂದು ರಾತ್ರಿ ಜೋರು ಮಳೆ ಬಂದು, ರಾಮನಗರದ ಸಂಗಬಸವನದೊಡ್ಡಿ ಬಳಿಯ ಅಂಡರ್‌ಪಾಸಿನಲ್ಲಿ ನೀರು ನಿಂತು, ಕಾರುಗಳು ಮುಳುಗೇಳಿದವು. ಆಗ ಹೊರಬಿದ್ದ ವಿವರಣೆಯನ್ನು ನಾನು ಇಂದಿಗೂ ಗೌರವದಿಂದ ನೆನೆಯುತ್ತೇನೆ: ಮಾದಾಪುರ ಮತ್ತು ಅಕ್ಕಪಕ್ಕದ ಗ್ರಾಮಸ್ಥರು ಚರಂಡಿಗೆ ಮಣ್ಣು ಸುರಿದು ತಮಗೆ ತಾವೇ ದಾರಿ ಮಾಡಿಕೊಂಡಿದ್ದರಂತೆ, ನೀರು ಹರಿಯಲು ಜಾಗವಿಲ್ಲದೆ ರಸ್ತೆಗೆ ನುಗ್ಗಿತಂತೆ. ತಪ್ಪು ಹಳ್ಳಿಯವರದು, ಕಡತ ಮುಕ್ತಾಯ. ಆದರೆ ಈ ವಾಕ್ಯವನ್ನು ನಿಧಾನವಾಗಿ ಇನ್ನೊಮ್ಮೆ ಓದಿ ನೋಡಿ. ಒಂದು ಊರಿನ ಜನ ಕೆಲಸ ಬಿಟ್ಟು, ಮಣ್ಣು ತಂದು, ಚರಂಡಿ ತುಂಬುತ್ತಾರೆ. ಏಕೆ? ಮೋಜಿಗಲ್ಲ, ಚರಂಡಿಯ ಮೇಲಿನ ದ್ವೇಷಕ್ಕೂ ಅಲ್ಲ. ಅವರಿಗೆ ಆಚೆ ಹೋಗಬೇಕಿತ್ತು. ಸಾವಿರಾರು ಕೋಟಿಯ ನಕ್ಷೆಯಲ್ಲಿ ಕಾಣದ ಕೊರತೆ ಆ ಮಣ್ಣಿನ ಗುಡ್ಡೆಯಲ್ಲಿ ಕಾಣುತ್ತದೆ. ಊರಿಗೊಂದು ದಾರಿಯಾದರೆ ಎಡವಟ್ಟನಿಗೊಂದು ದಾರಿ ಎನ್ನುತ್ತಾರಲ್ಲ, ಇಲ್ಲಿ ಊರಿಗೇ ದಾರಿಯಿಲ್ಲದೆ ಇಡೀ ಊರು ಎಡವಟ್ಟಾಯಿತು. ಆಮೇಲೆ ಅಲ್ಲಲ್ಲಿ ತಂತಿಬೇಲಿ ಕತ್ತರಿಸಿದ್ದೂ ಸುದ್ದಿಯಾಯಿತು. ಬೇಲಿ ಕತ್ತರಿಸುವುದು ಅಪರಾಧ, ಅದನ್ನು ನಾನು ಸಮರ್ಥಿಸುವುದಿಲ್ಲ. ಆದರೆ ಯಾರಾದರೂ ಒಬ್ಬ ಎಂಜಿನಿಯರು ಆ ಕಂಡಿಗಳನ್ನೆಲ್ಲ ಗುರುತು ಹಾಕಿಕೊಂಡು ಬಂದಿದ್ದರೆ, ಪಾದಚಾರಿ ಮೇಲ್ಸೇತುವೆ ಎಲ್ಲೆಲ್ಲಿ ಬೇಕೆಂಬ ಸಮೀಕ್ಷೆ ಪುಕ್ಕಟೆಯಾಗಿ ಸಿಗುತ್ತಿತ್ತು.

ನಿಮ್ಮ ಪರ ವಾದಿಸುವವರು ಇಲ್ಲಿ ಕೈ ಎತ್ತುತ್ತಾರೆ. ನೂರರ ವೇಗದ ರಸ್ತೆಯಲ್ಲಿ ಬೈಕು, ಆಟೊ, ಟ್ರ್ಯಾಕ್ಟರ್ ಬಿಟ್ಟರೆ ಹೆಣ ಬೀಳುತ್ತದೆ, ಬೇಲಿ ಹಾಕದೆ ಏನು ಮಾಡಬೇಕು ಎಂಬುದು ಅವರ ಪ್ರಶ್ನೆ. ಪ್ರಶ್ನೆ ನ್ಯಾಯವಾದದ್ದೇ. 2023ರ ಆಗಸ್ಟ್ 1ರಿಂದ ಈ ವಾಹನಗಳನ್ನು ಮುಖ್ಯ ಪಥದಿಂದ ಹೊರಗಿಟ್ಟರು, ಗಂಟೆಗೆ 100 ಕಿಲೋಮೀಟರಿನ ಮಿತಿಯನ್ನು ಬಿಗಿಮಾಡಿದರು, ಕ್ಯಾಮೆರಾ ಕೂಡಿಸಿದರು. ಆ ವರ್ಷ 180ಕ್ಕೂ ಮೇಲಿದ್ದ ಸಾವಿನ ಸಂಖ್ಯೆ ಮರುವರ್ಷ 50ರ ಸುತ್ತಮುತ್ತ ಬಂದು ನಿಂತಿತು. ಅಷ್ಟು ಜೀವ ಉಳಿಸಿದ್ದಕ್ಕೆ ಪೊಲೀಸರಿಗೆ ಶರಣು. ಆದರೆ ಈ ಅಂಕಿಗಳು ನಿಮ್ಮ ಪರ ವಕಾಲತ್ತು ವಹಿಸುವುದಕ್ಕಿಂತ ಹೆಚ್ಚಾಗಿ ನಿಮ್ಮ ವಿರುದ್ಧವೇ ಸಾಕ್ಷಿ ಹೇಳುತ್ತವೆ. ಕ್ಯಾಮೆರಾ ಮತ್ತು ನಿಯಮ ಬಂದ ಮೇಲೆ ಸಾವು ಇಳಿಯಿತು ಎಂದರೆ ಅವಿಲ್ಲದೆಯೇ ಗೇಟು ತೆರೆದಿರಿ ಎಂದರ್ಥ. ಹಣ ಎಣಿಸುವ ಯಂತ್ರ ಮೂರನೇ ದಿನಕ್ಕೇ ಸಿದ್ಧವಿತ್ತು, ವೇಗ ಎಣಿಸುವ ಯಂತ್ರಕ್ಕೆ ಜನ ಸಾಯುವವರೆಗೆ ಕಾಯಬೇಕಾಯಿತು. ಬೈಕಿನವನನ್ನು ಮುಖ್ಯ ಪಥದಿಂದ ಇಳಿಸಿದ್ದು ಸರಿ. ಇಳಿಸಿ ಎಲ್ಲಿಗೆ ಕಳಿಸಿದಿರಿ ಎಂಬುದಷ್ಟೇ ನನ್ನ ಪ್ರಶ್ನೆ. ಕಬ್ಬು ತುಂಬಿದ ಟ್ರ್ಯಾಕ್ಟರಿನ ಡ್ರೈವರ್ ಮುಖ್ಯ ರಸ್ತೆಗೆ ಹತ್ತಿದರೆ 500 ರೂಪಾಯಿ ದಂಡ. ಕೆಳಗೇ ಹೋಗೋಣವೆಂದರೆ ಸರ್ವಿಸ್ ರಸ್ತೆಯ ಗುಂಡಿಯಲ್ಲಿ ಟ್ರೈಲರ್ ವಾಲುತ್ತದೆ, ಎದುರಿನಿಂದ ರಾಂಗ್ ಸೈಡಿನಲ್ಲಿ ಸ್ಕೂಟರ್ ಬರುತ್ತದೆ, ಅಂಡರ್‌ಪಾಸಿನಲ್ಲಿ ಮಳೆನೀರು ಮಂಡಿಯುದ್ದ. ಪಕ್ಕದ ಹೊಲಕ್ಕೆ ಹೋಗಲು ಅವನು ಮೊದಲು ಮುಂದಿನ ಊರಿನ ತನಕ ಹೋಗಿ ಅಲ್ಲಿಂದ ಹಿಂದಿರುಗಬೇಕು. ಅವನು ಸುತ್ತಿದ ದೂರದ ಡೀಸೆಲ್ಲಿಗೆ ಫಾಸ್ಟ್ಯಾಗ್ ಇಲ್ಲದ ಕಾರಣ ಯಾರ ಲೆಕ್ಕದಲ್ಲೂ ಅದು ಟೋಲ್ ಅನ್ನಿಸಿಕೊಳ್ಳುವುದಿಲ್ಲ.

ಕಾರಿನವರು ಸುಖವಾಗಿದ್ದಾರೆ ಎಂದು ಹೊಟ್ಟೆಕಿಚ್ಚಿನಿಂದ ಬರೆಯುತ್ತಿದ್ದೇನೆ ಎಂದುಕೊಳ್ಳಬೇಡಿ, ಅವರಿಗೂ ನೀವು ಅಂಥ ಉಪಕಾರವನ್ನೇನೂ ಮಾಡಿಲ್ಲ. ಮೂರು ಗಂಟೆಯ ದಾರಿ 75 ನಿಮಿಷಕ್ಕೆ ಇಳಿಯುತ್ತದೆ ಎಂಬುದು ಉದ್ಘಾಟನೆಯ ಹೊತ್ತಿನ ಮಾತು. 118 ಕಿಲೋಮೀಟರನ್ನು 75 ನಿಮಿಷದಲ್ಲಿ ಮುಗಿಸಲು ಸರಾಸರಿ 94 ಕಿಲೋಮೀಟರ್ ವೇಗ ಬೇಕು. ಮಿತಿ 100. ಅಂದರೆ ಕೆಂಗೇರಿಯಲ್ಲಿ ಹೊರಟ ಕಾರು ಟೋಲಿನಲ್ಲಿ ನಿಲ್ಲದೆ, ಕಾಫಿಗೆ ಇಳಿಯದೆ, ಮಗುವಿಗೆ ಒಂದಕ್ಕೆ ಅವಸರವಾಗದೆ, ಮೈಸೂರಿನ ಸಿಗ್ನಲ್ಲಿನ ತನಕ ಒಂದೇ ಉಸಿರಿಗೆ ಓಡಬೇಕು. ಅದೂ ಕೆಂಗೇರಿಯವರೆಗೆ ಬಂದು ಸೇರಲು ಬೆಂಗಳೂರಿನೊಳಗೆ ಕಳೆದ ಒಂದೂವರೆ ಗಂಟೆಯನ್ನು ಮರೆತು. ಸಮಯ ಉಳಿದಿರುವುದು ನಿಜ, ಅದನ್ನು ಅಲ್ಲಗಳೆಯುವುದು ಸುಳ್ಳಾಗುತ್ತದೆ. ಆದರೆ ಉಳಿದ ನಿಮಿಷಗಳನ್ನು ಮಾತ್ರ ಎಣಿಸಿ, ಯಾರ ನಿಮಿಷಗಳು ಕಳೆದುಹೋದವು ಎಂದು ಎಣಿಸದಿರುವುದು ಹತ್ತರಲ್ಲಿ ನಾಲ್ಕನ್ನು ಬಿಟ್ಟು ಎಣಿಸುವ ಹಳೆಯ ಚಾಳಿಯೇ.

ಇನ್ನು ಊರುಗಳ ಮಾತು. ಬಿಡದಿ, ರಾಮನಗರ–ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ, ಇವನ್ನೆಲ್ಲ ಐದು ಬೈಪಾಸುಗಳಲ್ಲಿ ನೀವು ಹಾರಿಸಿಬಿಟ್ಟಿರಿ. ರಾಮನಗರ–ಚನ್ನಪಟ್ಟಣದ ಬೈಪಾಸೊಂದೇ 22 ಕಿಲೋಮೀಟರ್. ಹಳೆಯ ರಸ್ತೆಯಲ್ಲಿ ತಿಂಡಿಯೇ ಮೈಲಿಗಲ್ಲಾಗಿತ್ತು: ತಟ್ಟೆ ಇಡ್ಲಿಯ ಹಬೆ ಕಂಡರೆ ಬಿಡದಿ, ಬಣ್ಣದ ಕುದುರೆ ತೂಗಾಡಿದರೆ ಚನ್ನಪಟ್ಟಣ, ಈರುಳ್ಳಿ ಕರಿದ ವಾಸನೆ ಬಂದರೆ ಮದ್ದೂರು. ಮದ್ದೂರು ವಡೆ ಹುಟ್ಟಿದ್ದೇ ಪ್ರಯಾಣಿಕರ ಹಸಿವಿನಿಂದ, ರೈಲು ನಿಲ್ದಾಣದಲ್ಲಿ. ರೈಲು ಅಲ್ಲಿ ನಿಲ್ಲುತ್ತಿತ್ತು ಎಂಬುದೇ ಅದರ ಜನ್ಮರಹಸ್ಯ. ನೀವು ಮಾತ್ರ ಆ ಊರಿನ ತಲೆಯ ಮೇಲಿಂದ ಹಾದುಹೋಗುತ್ತೀರಿ, ವಾಸನೆಗೂ ಅಷ್ಟು ಎತ್ತರ ಹತ್ತಲಾಗುವುದಿಲ್ಲ. ಚನ್ನಪಟ್ಟಣದಲ್ಲಿ ಆಲೆಮರವನ್ನು ಚರಕಿಗೆ ಕೊಟ್ಟು, ತಿರುಗುವ ಮರದ ಮೇಲೆ ಅರಗಿನ ಕಡ್ಡಿ ಒತ್ತಿ ಬಣ್ಣ ಕರಗಿಸುತ್ತಾರೆ. ಆ ಗೊಂಬೆಗೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ಗುರುತೇನೋ ಸಿಕ್ಕಿತು, ಭೂಗೋಳವೇ ಬದಲಾಗಿ ಹೋಯಿತು.

ಇದಕ್ಕೂ ಒಂದು ಉತ್ತರ ಸಿದ್ಧವಾಗಿದೆ. ಊರೊಳಗಿನ ಲಾರಿ ಕಾಟ ತಪ್ಪಿಲ್ಲವೇ, ಪೇಟೆಬೀದಿ ಉಸಿರಾಡುತ್ತಿಲ್ಲವೇ, ಜಮೀನಿಗೆ ಪರಿಹಾರ ಕೊಟ್ಟಿಲ್ಲವೇ ಎನ್ನುತ್ತಾರೆ. ಮೊದಲ ಎರಡನ್ನು ತಕರಾರಿಲ್ಲದೆ ಒಪ್ಪುತ್ತೇನೆ. ಹಳೆಯ ರಸ್ತೆಯ ಪಕ್ಕದ ಶಾಲೆಗೆ ಮಗುವನ್ನು ಕಳಿಸುವ ತಾಯಿಗೆ ಬೈಪಾಸಿಗಿಂತ ದೊಡ್ಡ ವರ ಇಲ್ಲ, ಅವಳ ನೆಮ್ಮದಿಯ ಮುಂದೆ ನಾಲ್ಕು ತಟ್ಟೆ ಇಡ್ಲಿಯ ವ್ಯಾಪಾರ ಹೋದರೆ ಹೋಗಲಿ ಎಂದರೂ ನಾನು ಜಗಳಕ್ಕೆ ಬರುವುದಿಲ್ಲ. ಮೂರನೆಯದರಲ್ಲಿ ಮಾತ್ರ ಕೊಂಚ ಕೈಚಳಕವಿದೆ. ಭೂಸ್ವಾಧೀನದ ಲೆಕ್ಕ ಗುಂಟೆಯಲ್ಲಿ ನಡೆಯುತ್ತದೆ. ನಿಮ್ಮ ಗಡಿಕಲ್ಲಿನ ಒಳಗೆ ಅಂಗಡಿ ಸಿಕ್ಕವನಿಗೆ ಪರಿಹಾರ ಸಿಕ್ಕಿತು. ಮೂರು ಕಿಲೋಮೀಟರ್ ಆಚೆ ಹಳೆಯ ರಸ್ತೆಯಲ್ಲಿ ಉಳಿದವನ ಅಂಗಡಿಯ ಒಂದು ಹೆಂಚೂ ಅಲುಗಿಲ್ಲ, ಆದ್ದರಿಂದ ಅವನಿಗೆ ನಷ್ಟವೇ ಆಗಿಲ್ಲ. ಅವನು ಕಳೆದುಕೊಂಡದ್ದು ಗಿರಾಕಿಯನ್ನು, ಮತ್ತು ಗಿರಾಕಿಗೆ ಸರ್ವೆ ನಂಬರ್ ಇರುವುದಿಲ್ಲ. ಅವನಿಗೆ ಹಣ ಕೊಡಿ ಎಂದೂ ನಾನು ಕೇಳುತ್ತಿಲ್ಲ. ಊರೊಳಗೆ ಇಳಿದು ಮತ್ತೆ ಸಲೀಸಾಗಿ ಹತ್ತುವ ದಾರಿ, ಅದಕ್ಕೆ ಮುಂಚಿತವಾಗಿ ಕಾಣುವ ಒಂದು ಫಲಕ, ಇಷ್ಟಿದ್ದರೆ ವಡೆ ತನ್ನ ಗಿರಾಕಿಯನ್ನು ತಾನೇ ಕರೆಯುತ್ತದೆ. ಆ ಇಳಿಯುವ ಹತ್ತುವ ದಾರಿ ಕೂಡ ಆ ನಾಲ್ಕು ಪಥಗಳಿಗೇ ಸೇರಿದ್ದು ಎಂಬುದನ್ನು ಜ್ಞಾಪಿಸಬೇಕಾಗಿಲ್ಲ.

ಹಣ ಕೊಟ್ಟವರಿಗೆ ಮೊದಲ ಮರ್ಯಾದೆ, ಸರ್ವಿಸ್ ರಸ್ತೆ ಪುಕ್ಕಟೆಯದು ತಾನೇ ಎಂಬ ಕೊನೆಯ ಆಕ್ಷೇಪ ಒಂದಿದೆ. ಪುಕ್ಕಟೆ ಎಂಬ ಮಾತು ನಿಲ್ಲುವುದಿಲ್ಲ. 8,480 ಕೋಟಿಯಲ್ಲಿ ಸರ್ವಿಸ್ ರಸ್ತೆಯ ಖರ್ಚೂ ಸೇರಿದೆ. ಇನ್ನು ಹಣ ಕೊಡುವವರು ಕಾರಿನವರು ಮಾತ್ರ ಎಂಬುದೂ ಭ್ರಮೆ. ಗೇಟು ತೆರೆದ ಆ ವಾರವೇ ಕೆಎಸ್‌ಆರ್‌ಟಿಸಿಯ ಕೆಂಪು ಬಸ್ಸಿನ ಟಿಕೆಟ್ಟಿಗೆ 15 ರೂಪಾಯಿ ಸೇರಿತು. ಗಾಳಿ ಬಡಿಯುವ ಕಿಟಕಿಯ ಪಕ್ಕ ಚೀಲ ಮಡಿಲಲ್ಲಿಟ್ಟು ಕೂತ ಅಜ್ಜನೂ ನಿಮಗೆ ಹಣ ಕೊಟ್ಟವರ ಪೈಕಿ ಒಬ್ಬ. ಕಂಡಕ್ಟರ್ ಕೊಟ್ಟ ಚೀಟಿಯಲ್ಲಿ ಅವನ ಪಾಲು ಯಾವ ಪಥಕ್ಕೆ ಜಮೆಯಾಯಿತು ಎಂದು ಬರೆದಿರುವುದಿಲ್ಲ.

ಆದಕಾರಣ ನನ್ನದೊಂದು ಸಣ್ಣ ಅರ್ಜಿ. 2023ರ ಜುಲೈನಲ್ಲಿ ಶ್ರೀರಂಗಪಟ್ಟಣದ ಗಣಂಗೂರಿನ ಗೇಟೂ ತೆರೆದಾಗ ಕಾರಿನ ಒಂದು ಬದಿಯ ಟೋಲ್ 165ಕ್ಕೆ 155 ಸೇರಿ 320 ರೂಪಾಯಿ ಆಯಿತು. ಹತ್ತು ಪಥವೆಂದು ಹೆಸರಿಟ್ಟವರು ನೀವು, ಭಾಗಾಕಾರ ಮಾತ್ರ ನನ್ನದು: ಆರು ಪಥದ ಪಾಲು 192, ನಾಲ್ಕು ಪಥದ ಪಾಲು 128. ಅಜ್ಜನ ಹದಿನೈದರಲ್ಲಿ ಆರು. ಈ ಹಣವನ್ನು ಬೇರೆ ಡಬ್ಬಿಯಲ್ಲಿ ಹಾಕಿ, ಡಬ್ಬಿಯ ಮೇಲೆ ‘ಸರ್ವಿಸ್ ರಸ್ತೆ’ ಎಂದು ಕನ್ನಡದಲ್ಲಿ ಬರೆಸಿ, ವರ್ಷಕ್ಕೊಮ್ಮೆ ಮಾದಾಪುರದ ಆ ಚರಂಡಿಯ ಪಕ್ಕದಲ್ಲೇ ಲೆಕ್ಕ ಓದಿ ಹೇಳಿ. ಗ್ರಾಮಸ್ಥರು ತಪ್ಪದೆ ಬರುತ್ತಾರೆ. ಆಚೆ ಬದಿಯವರು ಬರುವಷ್ಟು ಹೊತ್ತು ಮಾತ್ರ ಸಭೆ ಶುರು ಮಾಡದೆ ಕಾಯಬೇಕಾಗಬಹುದು.

ಇಂತಿ ನಿಮ್ಮ,
ಏಳರಿಂದ ಹತ್ತನೆಯ ಪಥದವರೆಗಿನ ಪ್ರಜೆಗಳ ಪರವಾಗಿ,
ಒಬ್ಬ ಲೆಕ್ಕಿಗ