ಬೆರಳಿಗೆ ಬೇಕಾದಷ್ಟೇ ಬೆಳಕು

"ಅಕ್ಕಾ, ನಿಮ್ಮ ಹುಡುಗ ತಂದಿರೋ ಬೇಸ್ ಗಿಟಾರ್ ನೋಡಿದೆ. ಅದರ ಕತ್ತಿನ ಉದ್ದಕ್ಕೂ ಸಣ್ಣ ಸಣ್ಣ ನೀಲಿ ದೀಪ ಕೂರಿಸಿದಾರಲ್ಲ, ಆ ವಿಷಯ ಸ್ವಲ್ಪ ಮಾತಾಡ್ಬೇಕಿತ್ತು. ಒಲೆ ಮೇಲೆ ಏನಾದ್ರೂ ಇದ್ರೆ ನೋಡ್ಕೊಂಡು ಬನ್ನಿ, ಇದು ಬೇಗ ಮುಗಿಯೋ ಮಾತಲ್ಲ."

"ಹಾಲು ಇಳಿಸಿಯೇ ಬಂದೆ ಕಣಪ್ಪ. ಆ ದೀಪ ಸೊಗಸಿಗೆ ಹಾಕಿದ್ದಲ್ವಾ? ಮದುವೆಮನೆ ಸೀರಿಯಲ್ ಸೆಟ್ ಥರ ಮಿಣಮಿಣ ಅಂತಿರುತ್ತೆ."

"ಸೊಗಸೂ ಹೌದು. ಆದ್ರೆ ಅದರ ಮೊದಲ ಕೆಲಸ ಬೆರಳಿಗೆ ದಾರಿ ತೋರ್ಸೋದು. ಮಾಮೂಲಿ ಗಿಟಾರಿನ ತಂತಿ 25 ಇಂಚಿನ ಆಸುಪಾಸು ಇರುತ್ತೆ. ಬೇಸಿನದು ಸಾಮಾನ್ಯವಾಗಿ 34 ಇಂಚು. ಅಷ್ಟು ಉದ್ದದ ಕತ್ತಿನ ಮೇಲೆ ಎಡಗೈ ಓಡಾಡ್ಬೇಕು. ತಲೆ ಹತ್ತಿರದ ಮೊದಲ ಫ್ರೆಟ್ಟಿನ, ಅಂದ್ರೆ ಮೆಟ್ಟಿನ, ಜಾಗ ಸುಮಾರು 48 ಮಿಲಿಮೀಟರ್ ಅಗಲ, ಹನ್ನೆರಡನೇದು ದಾಟಿದ ತಕ್ಷಣ ಅದೇ ಜಾಗ 24ಕ್ಕೆ ಇಳಿಯುತ್ತೆ. ಒಂದು ಫ್ರೆಟ್ ಆಚೀಚೆ ಆದ್ರೆ ಸ್ವರವೇ ಬೇರೆ. ಬೇಸ್ ತಪ್ಪಿದ್ರೆ ಕೇಳೋರಿಗೆ ಏನು ತಪ್ಪಾಯ್ತು ಅಂತ ಗೊತ್ತಾಗಲ್ಲ, ಆದ್ರೆ ಇಡೀ ಹಾಡೇ ಜಾರಿದ ಹಾಗೆ ಅನ್ನಿಸುತ್ತೆ. ಹಾಡೋರ ಕಾಲ ಕೆಳಗಿನ ನೆಲ ಅದು."

"ವೀಣೆಗೂ ಮೆಟ್ಟು ಇದೆಯಲ್ಲಪ್ಪ. ಅದಕ್ಕೆ ಯಾರೂ ದೀಪ ಹಚ್ಚಲಿಲ್ಲವಲ್ಲ?"

"ಒಳ್ಳೆ ಪ್ರಶ್ನೆ ಕೇಳಿದ್ರಿ. ವೀಣೆಗೆ 24 ಮೆಟ್ಟು, ಮೇಣದ ಮೇಲೆ ಕೂರಿಸಿದ ಹಿತ್ತಾಳೆ. ನುಡಿಸೋರು ಕೂತಿರ್ತಾರೆ, ವೀಣೆ ಕದಲೋದಿಲ್ಲ, ಸಭೆಯ ಬೆಳಕೂ ಬದಲಾಗೋದಿಲ್ಲ. ನಮ್ಮ ರಸಮಂಜರಿ ಹಾಗಲ್ಲ. ಹುಡುಗ ನಿಂತ್ಕೊಂಡು, ಓಡಾಡ್ಕೊಂಡು ನುಡಿಸ್ಬೇಕು. ಹಿಂದಿನಿಂದ ಸ್ಟೇಜಿನ ಪಾರ್ ಲೈಟು ಕಣ್ಣಿಗೆ ಹೊಡೀತಿರುತ್ತೆ, ಮುಂದಿನಿಂದ ಹೊಗೆ. ಹಾಡು ಮುಗಿದ ಕೂಡ್ಲೇ ಲೈಟಿನವರು ಎಲ್ಲ ಆರಿಸ್ತಾರೆ. ಮುಂದಿನ ಹಾಡು ಆ ಕತ್ತಲಲ್ಲೇ ಶುರುವಾಗ್ಬೇಕು. 1981ರ 'ಗೀತಾ' ಸಿನಿಮಾ ನೆನಪಿದೆಯಲ್ಲ, ಶಂಕರ್‌ನಾಗ್‌ದು? ಇಳಯರಾಜ ಸಂಗೀತ. ಅದರ ಹಾಡಿಲ್ಲದೆ ನಮ್ಮ ಕಡೆ ಆರ್ಕೆಸ್ಟ್ರಾ ಮುಗಿಯೋದೇ ಕಷ್ಟ. ಆ ಹಾಡುಗಳಲ್ಲಿ ಬೇಸ್ ಸುಮ್ನೆ ಹಿಂದೆ ನಿಂತಿರೋದಿಲ್ಲ, ತಾನೂ ಹಾಡುತ್ತೆ. ಕೈ ಒಂದೇ ಕಡೆ ಇಟ್ಕೊಂಡು ನುಡಿಸೋಕಾಗಲ್ಲ."

"ಹಾಗಾದ್ರೆ ದೀಪ ಜೋರಾಗೇ ಇರ್ಲಿ ಬಿಡು."

"ಅಲ್ಲೇ ಇರೋದು ಅಕ್ಕಾ ವಿಷಯ. ಜೋರು ಬೆಳಕು ದಾರಿ ತೋರ್ಸೋ ಬದಲು ಕಣ್ಣು ಕಟ್ಟುತ್ತೆ. ಕತ್ತಲಿಗೆ ನಮ್ಮ ಕಣ್ಣು ಪೂರ್ತಿ ಒಗ್ಗೋಕೆ ಇಪ್ಪತ್ತು ಮೂವತ್ತು ನಿಮಿಷ ಬೇಕು. ಪ್ರಖರವಾದ ನೀಲಿ ಚುಕ್ಕಿಯನ್ನ ಒಂದೇ ಸಲ ದಿಟ್ಟಿಸಿದ್ರೂ ಆ ಒಗ್ಗಿಕೆ ಕೆಡುತ್ತೆ. ಆಮೇಲೆ ತಲೆ ಎತ್ತಿದ್ರೆ ಡ್ರಮ್ಸ್‌ನವನ ಸನ್ನೆ ಕಾಣಲ್ಲ. ಕೆಂಪು ಬೆಳಕು ಈ ವಿಷಯದಲ್ಲಿ ಸೌಮ್ಯ. ನಕ್ಷತ್ರ ನೋಡೋರು ಕೆಂಪು ಟಾರ್ಚ್ ಇಟ್ಕೊಳ್ಳೋದು ಅದಕ್ಕೇ. ಗಣಪತಿ ಹಬ್ಬದ ಮಳೆಗಾಲದಲ್ಲಿ ಇನ್ನೊಂದು ಲಾಭ, ನೀಲಿ-ಬಿಳಿ ಬೆಳಕಿಗೆ ಮುತ್ತೋ ಅಷ್ಟು ಹುಳ ಕೆಂಪಿಗೆ ಮುತ್ತೋದಿಲ್ಲ."

"ಕೆಂಪು ಹಾಕಿ ಸಣ್ಣಗೆ ಇಟ್ಬಿಟ್ರೆ ಆಯ್ತಲ್ಲ?"

"ಒಂದೇ ಸಲ ಇಟ್ಟು ಮರೆಯೋಕಾಗಲ್ಲ. ಕಡೂರಿನ ಬಯಲಲ್ಲಿ ಸಂಜೆ ಐದೂವರೆಗೆ ಕಾರ್ಯಕ್ರಮ ಶುರುವಾದ್ರೆ ಇನ್ನೂ ಹಗಲು ಉಳಿದಿರುತ್ತೆ, ದೀಪ ಪೂರ್ತಿ ತಿರುಗಿಸಿದ್ರೂ ಕಾಣೋದು ಅಷ್ಟಕ್ಕಷ್ಟೇ. ಆಗ ಕತ್ತಿನ ಅಂಚಲ್ಲಿ ಬಳಿದಿರೋ ಬಿಳಿ ಬೊಟ್ಟೇ ಗತಿ. ತರೀಕೆರೆ ಕಡೆ ಅಡಿಕೆ ತೋಟದ ಮಗ್ಗುಲಲ್ಲಿ ಸ್ಟೇಜ್ ಹಾಕಿದ್ರೆ ಕತ್ತಲು ಬೇಗ ಕವಿಯುತ್ತೆ. ಅಜ್ಜಂಪುರದ ಸುತ್ತಿನ ಹಳ್ಳಿ ಜಾತ್ರೆಗೆ ಹೋದ್ರೆ ನಾಕೇ ನಾಕು ಲೈಟು, ಅದೂ ಜನರೇಟರ್ ನಂಬ್ಕೊಂಡು. ಊರು ಬದಲಾದ ಹಾಗೆ ಬೆಳಕು ಬದಲಾಗ್ಬೇಕು. ಅದಕ್ಕೇ ಕೈಗೆ ಸಿಗೋ ಜಾಗದಲ್ಲಿ ಒಂದು ತಿರುಪು ಇರ್ಲೇಬೇಕು."

"ಫ್ಯಾನಿನ ರೆಗ್ಯುಲೇಟರ್ ಇದ್ದಂಗಾ?"

"ಹ್ಞೂಂ. ಆದ್ರೆ ಬೆಳಕನ್ನ ತಗ್ಗಿಸೋಕೆ ಎರಡು ದಾರಿ ಇದೆ. ಒಂದು, ಎಲ್‌ಇಡಿಗೆ ಹೋಗೋ ಕರೆಂಟನ್ನೇ ಕಮ್ಮಿ ಮಾಡೋದು. ಇನ್ನೊಂದು, ಕರೆಂಟನ್ನ ಸೆಕೆಂಡಿಗೆ ನೂರಾರು ಸಾವಿರಾರು ಸಲ ಹಾಕಿ ತೆಗೆದು ಮಾಡೋದು. ಅಷ್ಟು ವೇಗವನ್ನ ಕಣ್ಣು ಹಿಡಿಯಲ್ಲ, ಬೆಳಕು ಕಮ್ಮಿಯಾಯ್ತು ಅಂತ ಮಾತ್ರ ಅನ್ನಿಸುತ್ತೆ. ಕಣ್ಣಿಗೆ ಎರಡೂ ಒಂದೇ. ಕಿವಿಗೆ ಒಂದೇ ಅಲ್ಲ! ಬೇಸಿನ ತಂತಿ ಕೆಳಗೆ ಪಿಕಪ್ ಇರುತ್ತೆ, ಅಯಸ್ಕಾಂತದ ಸುತ್ತ ಸಾವಿರಾರು ಸುತ್ತು ಸುತ್ತಿದ ತಾಮ್ರದ ತಂತಿ. ಪಕ್ಕದಲ್ಲಿ ಕರೆಂಟು ಸೆಕೆಂಡಿಗೆ ಐನೂರು ಸಲ ಬಂದು ಹೋಗ್ತಿದ್ರೆ ಪಿಕಪ್ ಅದನ್ನೂ ಹಿಡಿದು ಸ್ಪೀಕರಿಗೆ ಕಳಿಸಬಹುದು. ನಡುವೆ ಕುಯ್ಯ್ ಅನ್ನೋ ಸದ್ದು. ಮನುಷ್ಯನ ಕಿವಿ ಕೇಳೋದು 20ರಿಂದ 20,000 ಹರ್ಟ್ಜ್‌ವರೆಗೆ. ಹಾಗಾಗಿ ಆ ಆಟ 20,000ದ ಮೇಲೆ ನಡೀಬೇಕು, ಇಲ್ಲಾ ಕರೆಂಟನ್ನೇ ನೇರವಾಗಿ ತಗ್ಗಿಸ್ಬೇಕು. ಹಳ್ಳಿ ಸ್ಟೇಜಿಗೆ ನನ್ನ ಓಟು ನೇರ ದಾರಿಗೇ."

"ಇವನದು ಯಾವ ಥರದ್ದೋ ಏನೋ."

"ಕಂಡುಹಿಡಿಯೋದು ಸುಲಭ. ತಂತಿಗಳನ್ನ ಅಂಗೈಯಲ್ಲಿ ಅಮುಕಿ, ಗಿಟಾರಿನ ವಾಲ್ಯೂಮ್ ಪೂರ್ತಿ ಕೊಟ್ಟು, ದೀಪದ ತಿರುಪನ್ನ ಒಂದು ತುದಿಯಿಂದ ಇನ್ನೊಂದು ತುದಿಗೆ ತಿರುಗಿಸ್ಲಿ. ಸದ್ದು ಅದರ ಜೊತೆ ಏರಿಳಿದ್ರೆ ದೀಪದ್ದೇ ಕೆಲಸ."

"ಬ್ಯಾಟರಿ ತಿನ್ನುತ್ತೆ ಅಂತ ಅವನೇ ಗೊಣಗ್ತಿದ್ದ."

"ತಿನ್ನುತ್ತೆ, ಜೋರಾಗಿ ಇಟ್ರೆ. ಇಲ್ಲೊಂದು ಚೆಂದದ ಲೆಕ್ಕ ಇದೆ ಅಕ್ಕಾ. ಬೆಳಕು ಕಣ್ಣಿಗೆ ಅರ್ಧ ಅನ್ನಿಸ್ಬೇಕಾದ್ರೆ ಅಸಲು ಬೆಳಕು ಸುಮಾರು ಐದರಲ್ಲೊಂದು ಪಾಲಿಗೆ ಇಳೀಬೇಕು. ನಮ್ಮ ಕಣ್ಣಿನ ಸ್ವಭಾವ ಹಾಗಿದೆ. ಎಲ್ಲ ಚುಕ್ಕಿ ಸೇರಿ 25 ಮಿಲಿಆಂಪ್ ಎಳೀತಿದ್ರೆ 9 ವೋಲ್ಟಿನ ಒಂದು ಬ್ಯಾಟರಿ ಹತ್ತಿರ ಹತ್ತಿರ 20 ಗಂಟೆ ಬರುತ್ತೆ. 5ಕ್ಕೆ ಇಳಿಸಿದ್ರೆ 100 ಗಂಟೆ. ನೋಡೋಕೆ ಅರ್ಧ ಬೆಳಕು, ಖರ್ಚು ಐದನೇ ಒಂದು ಭಾಗ. ಇನ್ನೊಂದು ಮಾತು, ಎಷ್ಟೋ ಬೇಸ್‌ಗಳಲ್ಲಿ ಸದ್ದಿಗೂ ಬ್ಯಾಟರಿ ಬೇಕು. ದೀಪಕ್ಕೂ ಅದೇ ಬ್ಯಾಟರಿ ಕೊಟ್ರೆ, ದೀಪ ತಿಂದು ಮುಗಿಸಿದ ದಿನ ಹಾಡಿನ ಮಧ್ಯೆ ಸದ್ದು ಒಡೆಯುತ್ತೆ. ದೀಪಕ್ಕೆ ಬೇರೆ ಬ್ಯಾಟರಿ, ಬೇರೆ ಸ್ವಿಚ್ ಇರ್ಲಿ."

"ಅಷ್ಟೆಲ್ಲ ಸಣ್ಣಗಿಟ್ರೆ ಕೆಳಗೆ ಕೂತೋರಿಗೆ ಕಾಣೋದೇ ಇಲ್ವಲ್ಲೋ. ಅವನಿಗೆ ನಾಕು ಜನ ನೋಡ್ಲಿ ಅಂತ ಆಸೆ ಇರುತ್ತೆ."

"ಇರ್ಲಿ ಅಕ್ಕಾ, ವಯಸ್ಸಿನ ಹುಡುಗ, ಇರ್ಲೇಬೇಕು. ಮೆರವಣಿಗೆಯಲ್ಲಿ, ಫೋಟೋ ತೆಗಿಸ್ಕೊಳ್ಳೋವಾಗ ಪೂರ್ತಿ ತಿರುಗಿಸ್ಲಿ, ನಾನೇ ನಿಂತು ನೋಡ್ತೀನಿ. ನುಡಿಸೋವಾಗ ಮಾತ್ರ ಆ ದೀಪ ಅವನೊಬ್ಬನದು. ಬೇಸಿಗೆ ಫ್ರೆಟ್ ಬಂದಿದ್ದೂ ನುಡಿಸೋರಿಗಾಗೇ. ಲಿಯೋ ಫೆಂಡರ್ ಅನ್ನೋರು 1951ರಲ್ಲಿ ಫ್ರೆಟ್ ಇರೋ ಬೇಸ್ ಮಾರುಕಟ್ಟೆಗೆ ತಂದು ಪ್ರೆಸಿಷನ್, ಅಂದ್ರೆ ಕರಾರುವಾಕ್ಕು, ಅಂತ ಹೆಸರಿಟ್ರು. ಅದಕ್ಕೂ ಮುಂಚೆ ನಿಲ್ಲಿಸ್ಕೊಂಡು ನುಡಿಸ್ತಿದ್ದ ದೊಡ್ಡ ಡಬಲ್ ಬೇಸ್‌ಗೆ ಫ್ರೆಟ್ ಇರಲಿಲ್ಲ, ಕಿವಿಯೊಂದೇ ದಿಕ್ಕು. ಸ್ವರ ಕರಾರುವಾಕ್ಕಾಗಿ ಸಿಗ್ಲಿ ಅನ್ನೋದಕ್ಕೇ ಫ್ರೆಟ್ ಬಂತು. ಮೂರು, ಐದು, ಏಳು, ಒಂಬತ್ತಕ್ಕೆ ಒಂದೊಂದು ಬೊಟ್ಟು, ತಂತಿಯ ಸರಿಯರ್ಧ ಆಗೋ ಹನ್ನೆರಡಕ್ಕೆ ಎರಡು ಬೊಟ್ಟು ಇಡೋದೂ ಅದಕ್ಕೇ, ಬೊಟ್ಟಿಗೆ ದೀಪ ಇಡೋದೂ ಅದಕ್ಕೇ."

"ಹಾಗಾದ್ರೆ ಎಷ್ಟಕ್ಕಿಡ್ಬೇಕು ಅಂತ ಅವನಿಗೆ ಏನು ಹೇಳ್ಲಿ?"

"ಸೌಂಡ್ ಚೆಕ್ ಮುಗಿದ ಮೇಲೆ ಲೈಟಿನವರನ್ನ ಕೇಳ್ಕೊಂಡು ಸ್ಟೇಜ್ ಪೂರ್ತಿ ಆರಿಸ್ಲಿ. ಸ್ವಲ್ಪ ಹೊತ್ತು ನಿಂತು ತಿರುಪನ್ನ ಸೊನ್ನೆಯಿಂದ ಮೇಲಕ್ಕೆ ತರ್ಲಿ. ಕತ್ತಿನ ಅಂಚಿನ ಚುಕ್ಕಿ ಎಣಿಸೋಕಾದ ಕೂಡ್ಲೇ ನಿಲ್ಲಿಸ್ಲಿ. ಅಲ್ಲಿಂದ ಕೂದಲೆಳೆಯಷ್ಟು ಏರಿಸ್ಲಿ, ಪಾರ್ ಲೈಟು ಹತ್ತಿದಾಗ್ಲೂ ಕಾಣ್ಬೇಕಲ್ಲ. ಗಲ್ಲದ ಮೇಲೆ ಬೆಳಕು ಬಿದ್ರೆ ಜಾಸ್ತಿಯಾಯ್ತು ಅಂತ ತಿಳ್ಕೊಳ್ಲಿ."

"ಇದನ್ನೆಲ್ಲ ನಾನು ಹೇಳಿದ್ರೆ ಕೇಳ್ತಾನಾ? ನೀನೇ ಹೇಳ್ಬೇಕು."

"ಹೇಳ್ತೀನಿ. ಬೇಸ್ ತಗೊಂಡೇ ಬರೋಕೆ ಹೇಳಿ. ಸಾಲ್ಡರಿಂಗ್ ಕಡ್ಡಿ ನನ್ನ ಹತ್ರ ಇದೆ, ನೀಲಿ ತೆಗೆದು ಕೆಂಪು ಕೂರಿಸೋಣ, ದೀಪದ ಬ್ಯಾಟರಿ ಬೇರೆ ಮಾಡೋಣ. ಈ ತಾಲ್ಲೂಕಿನ ಹುಡುಗರು ಬೇಸ್ ಹಿಡಿಯೋದೇ ಅಪರೂಪ. ಹಿಡಿದವನ ಕೈ ಕತ್ತಲಲ್ಲೂ ಸರಿಯಾದ ಸ್ವರದ ಮೇಲೆ ಬೀಳ್ಬೇಕು, ಅಷ್ಟು ಮಾಡೋದು ನಮ್ಮ ಕೈಲಿದೆ."